ವರ್ಷಕ್ಕೆ ಎರಡೇ ಗೇಮ್ ಕೊಳ್ಳುವವರ ಪರವಾಗಿ

ವಿಡಿಯೋ ಗೇಮ್ ಆಡುವವರೆಲ್ಲ ಸದಾ ಗೇಮ್ ಕೊಳ್ಳುತ್ತಲೇ ಇರುತ್ತಾರೆ ಅಂತ ಆಡದವರು ಅಂದುಕೊಂಡಿರುತ್ತಾರೆ. ಆಡುವವರಲ್ಲೂ ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ, ಯಾಕೆಂದರೆ ಈ ವಿಷಯದಲ್ಲಿ ಜೋರಾಗಿ ಮಾತಾಡುವವರು ಜಾಸ್ತಿ ಕೊಳ್ಳುವವರೇ. ಸರ್ಕಾನಾ ಅನ್ನುವ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2025ರಲ್ಲಿ ಅಮೆರಿಕದ ಆಟಗಾರರನ್ನು ಕೇಳಿ ನೋಡಿತು. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಗೇಮ್ ಕೊಳ್ಳುವವರು ಶೇ. 4 ಮಾತ್ರ. ಮೂರನೇ ಒಂದು ಭಾಗ ಜನ ಏನನ್ನೂ ಕೊಳ್ಳುವುದೇ ಇಲ್ಲ. ವರ್ಷಕ್ಕೆ ಎರಡು ಅಥವಾ ಅದಕ್ಕಿಂತ ಕಡಿಮೆ ಕೊಳ್ಳುವವರೇ ಅರ್ಧಕ್ಕಿಂತ ಜಾಸ್ತಿ. ನಾನೂ ಈ ದೊಡ್ಡ ಗುಂಪಿಗೇ ಸೇರಿದವನು, ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಜನ ಕಡಿಮೆ ಯಾಕೆ ಕೊಳ್ಳುತ್ತಾರೆ ಅಂದರೆ ಎಲ್ಲರೂ ತಕ್ಷಣ ಬೆಲೆಯ ಕಡೆ ಬೆರಳು ತೋರಿಸುತ್ತಾರೆ. ಬೆಲೆ ಏರಿದ್ದು ನಿಜ. ವರ್ಷಗಟ್ಟಲೆ 60 ಡಾಲರ್‌ಗೆ ನಿಂತಿದ್ದ ದೊಡ್ಡ ಗೇಮ್‌ಗಳು 2020ರಲ್ಲಿ ಹೊಸ ಕನ್ಸೋಲ್‌ಗಳು (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳು) ಬಂದಾಗ 70ಕ್ಕೆ ಹೋದವು. 2025ರಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ ಅನ್ನುವ ಗೇಮ್‌ಗೆ 80 ಡಾಲರ್ ಅಂದಾಗ ಗಲಾಟೆಯೇ ಆಯಿತು. ಆದರೆ ಇದೇ ಹೊತ್ತಿನಲ್ಲಿ ಒಂದು ಪೈಸೆ ಕೊಡದೆ ಆಡುವುದು ಹಿಂದೆಂದೂ ಇಲ್ಲದಷ್ಟು ಸುಲಭ ಆಗಿದೆ. ಫೋರ್ಟ್‌ನೈಟ್ ಉಚಿತ. ಕೌಂಟರ್ ಸ್ಟ್ರೈಕ್ 2018ರಿಂದ ಉಚಿತ. ಎಪಿಕ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯವರು ವಾರ ವಾರ ಏನಾದರೂ ಪುಕ್ಕಟೆ ಕೊಡುತ್ತಾರೆ, 2020ರ ಮೇ ತಿಂಗಳಲ್ಲಿ ಜಿಟಿಎ 5ರಂಥ ದೊಡ್ಡ ಗೇಮನ್ನೇ ಕೊಟ್ಟುಬಿಟ್ಟರು. ಬೆಲೆಯೊಂದೇ ಅಡ್ಡಿಯಾಗಿದ್ದರೆ ಜನ ಈ ಪುಕ್ಕಟೆ ಗೇಮ್‌ಗಳನ್ನು ಒಂದಾದ ಮೇಲೊಂದು ಆಡಿ ಮುಗಿಸಬೇಕಿತ್ತು, ಅಲ್ವಾ? ಆದರೆ ಆಗುವುದೇ ಬೇರೆ. ತಮ್ಮ ಗೇಮ್‌ಗಳ ಲೈಬ್ರರಿಗೆ ಸೇರಿಸಿಕೊಳ್ಳುತ್ತಾರೆ, ಆಮೇಲೆ ಹೋಗಿ ಮೊದಲಿಂದ ಆಡುತ್ತಿದ್ದ ಗೇಮನ್ನೇ ತೆರೆಯುತ್ತಾರೆ.

2024ರ ಲೆಕ್ಕವನ್ನು ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ತಾನೇ ಹೊರಗೆ ಬಿಟ್ಟಿತ್ತು. ಅಲ್ಲಿ ಜನ ಆಡಿದ ಒಟ್ಟು ಸಮಯದಲ್ಲಿ ಆ ವರ್ಷವೇ ಬಂದ ಗೇಮ್‌ಗಳ ಪಾಲು ಶೇ. 15. ಎಂಟು ವರ್ಷ ಅಥವಾ ಅದಕ್ಕಿಂತ ಹಳೆಯ ಗೇಮ್‌ಗಳ ಪಾಲು ಶೇ. 37. ಅದೇ ವರ್ಷ ಸ್ಟೀಮ್‌ಗೆ 18 ಸಾವಿರಕ್ಕೂ ಹೆಚ್ಚು ಹೊಸ ಗೇಮ್ ಬಂದಿದ್ದವು. ಇಷ್ಟೆಲ್ಲ ಆಡಲು ಹೊತ್ತು ಯಾರ ಹತ್ತಿರ ಇದೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಅಂದರೆ ಕೆಲಸ, ಮನೆ ಎಲ್ಲ ಮುಗಿದ ಮೇಲೆ ರಾತ್ರಿ ಸಿಗುವ ಆ ಒಂದು ಗಂಟೆ. ನೂರು ಗಂಟೆಯ ಒಂದು ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಉದ್ದ ಕಥೆಯ ಗೇಮ್) ಕೊಂಡರೆ, ದಿನಾ ಆ ಗಂಟೆಯೂ ಸಿಗದ ಕೆಲವರಿಗೆ ಅಲ್ಲಿಗೆ ಅರ್ಧ ವರ್ಷ ಹೋಯಿತು.

ಇನ್ನೊಂದು ಕಾರಣ ಗೆಳೆಯರು. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ನಾಲ್ಕು ಜನ ಸೇರಿ ಒಂದು ಗೇಮ್ ಆಡುತ್ತಿದ್ದರೆ ಹೊಸದಕ್ಕೆ ಹೋಗಬೇಕಾದವರೂ ನಾಲ್ಕು ಜನ. ನಾಲ್ವರೂ ಒಪ್ಪಬೇಕು, ನಾಲ್ವರ ಕಂಪ್ಯೂಟರ್‌ಗೂ ಅದನ್ನು ಓಡಿಸುವ ಶಕ್ತಿ ಇರಬೇಕು, ನಾಲ್ವರೂ ಒಂದೇ ವಾರದಲ್ಲಿ ದುಡ್ಡು ಬಿಚ್ಚಬೇಕು, ಅಷ್ಟೆಲ್ಲ ಆದಮೇಲೆ ಅದು ಚೆನ್ನಾಗಿಯೂ ಇರಬೇಕು. ಒಬ್ಬ ಬೇಡ ಅಂದರೆ ಮುಗಿಯಿತು. ಹಳೆಯದೇ ಗಟ್ಟಿ.

ಸೇಲ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಸ್ವಲ್ಪ ಕೋಪವೇ ಇದೆ. ಶೇ. 75 ರಿಯಾಯಿತಿ ನೋಡಿದ ಕೂಡಲೇ ಉಳಿತಾಯ ಆಯಿತು ಅನ್ನುವ ಲೆಕ್ಕ ನನಗೆ ಅರ್ಥ ಆಗುವುದಿಲ್ಲ. ಆಡದ ಗೇಮ್‌ಗೆ ಕೊಟ್ಟ ದುಡ್ಡು ಎಷ್ಟೇ ಚಿಕ್ಕದಿದ್ದರೂ ಪೂರ್ತಿ ಖರ್ಚೇ. ಇನ್ನೊಂದು ಸೂಕ್ಷ್ಮ ಇದೆ. ಸ್ಟೀಮ್ 2015ರಿಂದ ರಿಫಂಡ್ ಕೊಡುತ್ತಿದೆ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿರಬೇಕು. ಒಳ್ಳೆಯ ನಿಯಮ. ಆದರೆ ಸೇಲ್‌ನಲ್ಲಿ ಹತ್ತು ಗೇಮ್ ರಾಶಿ ಹಾಕಿಕೊಂಡವರು ಆ 14 ದಿನದಲ್ಲಿ ಒಂದನ್ನು ತೆರೆದರೆ ಹೆಚ್ಚು. ಉಳಿದ ಒಂಬತ್ತು ಚೆನ್ನಾಗಿವೆಯೋ ಇಲ್ಲವೋ ಅಂತ ಗೊತ್ತಾಗುವ ಮೊದಲೇ ವಾಪಸ್ ಕೊಡುವ ಅವಕಾಶ ಮುಗಿದಿರುತ್ತದೆ. ಇವತ್ತೇ ರಾತ್ರಿ ಶುರು ಮಾಡುತ್ತೇನೆ ಅನ್ನುವ ಗೇಮ್ ಮಾತ್ರ ಕೊಳ್ಳುವುದು ನನ್ನ ಪದ್ಧತಿ. ಬೇಕು ಅಂತ ಗುರುತು ಹಾಕಿಟ್ಟ ಗೇಮ್‌ಗಳ ಪಟ್ಟಿ, ಅಂದರೆ ವಿಶ್‌ಲಿಸ್ಟ್‌ನಿಂದ ಸೇಲ್ ಇದೆ ಅಂತ ಬರುವ ಮೇಲ್‌ಗಳು ಸುಮ್ನೆ ಬಂದು ಹೋಗುತ್ತಿರುತ್ತವೆ.

ಗೇಮ್ ಬರುವ ಮೊದಲೇ ದುಡ್ಡು ಕೊಟ್ಟಿಡುವ ಪ್ರೀ-ಆರ್ಡರ್ ಅಂತೂ ಬೇಡವೇ ಬೇಡ. ಡೌನ್‌ಲೋಡ್ ಮಾಡುವ ಸರಕು ಖಾಲಿಯಾಗುತ್ತದೆಯೇ? 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಎಂಥ ಸ್ಥಿತಿಯಲ್ಲಿ ಬಂತು ಅಂದರೆ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತಿಂಗಳುಗಟ್ಟಲೆ ತೆಗೆದಿಟ್ಟಿತ್ತು. ಆಮೇಲೆ ತಿದ್ದಿ ತಿದ್ದಿ 2023ರ ಹೊತ್ತಿಗೆ ಅದೇ ಗೇಮ್ ನಿಜಕ್ಕೂ ಚೆನ್ನಾಯಿತು. ಸೇಲ್‌ಗಳಲ್ಲಿ ಬೆಲೆಯೂ ಇಳಿದಿತ್ತು. ಅಂದರೆ ನಂಬಿ ಮೊದಲು ಕೊಟ್ಟವರು ಜಾಸ್ತಿ ಕೊಟ್ಟು ಕೆಟ್ಟದ್ದು ಪಡೆದರು, ಕಾದವರು ಕಡಿಮೆ ಕೊಟ್ಟು ಒಳ್ಳೆಯದು ಪಡೆದರು. ಹೀಗಿರುವಾಗ ಕಾಯಬೇಡಿ ಅಂತ ಯಾರಿಗೆ ಹೇಳುವುದು?

ಚಂದಾದಾರಿಕೆ ತಗೊಳ್ಳಿ, ಉಳಿತಾಯ ಆಗುತ್ತದೆ ಅನ್ನುವವರಿದ್ದಾರೆ. ತಿಂಗಳ ಚಂದಾ ಕೊಟ್ಟು ಹಲವು ಗೇಮ್ ಆಡುವ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ 2017ರಲ್ಲಿ ಬಂದಾಗ ಆ ಮಾತು ಸರಿಯಿತ್ತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಅದರ ಅತಿ ದುಬಾರಿ ಯೋಜನೆ ಅಲ್ಟಿಮೇಟ್ ತಿಂಗಳಿಗೆ 20ರಿಂದ 30 ಡಾಲರ್ ಆಯಿತು. ಆ ಬೆಲೆಯಲ್ಲಿ ವರ್ಷಕ್ಕೆ 360 ಆಗುತ್ತಿತ್ತು. ಅಷ್ಟರಲ್ಲಿ ಪೂರ್ತಿ ಬೆಲೆ ಕೊಟ್ಟರೂ ಐದು ದೊಡ್ಡ ಗೇಮ್ ಬರುತ್ತವೆ, ಅದೂ ಚಂದಾ ನಿಂತ ಮೇಲೂ ಉಳಿಯುವಂಥವು. ಹೊಸದನ್ನೆಲ್ಲ ರುಚಿ ನೋಡುವ ಚಪಲ ಇರುವವರಿಗೆ ಸರಿ. ಎರಡು ಗೇಮ್ ಮುಗಿಸುವವರಿಗೆ ಅಲ್ಲ.

ಉಳಿಯುತ್ತವೆ ಅಂದೆ, ಅದೂ ಪೂರ್ತಿ ನಿಜ ಅಲ್ಲ. 2024ರ ಮಾರ್ಚ್ ಕೊನೆಗೆ ಯೂಬಿಸಾಫ್ಟ್ ಕಂಪನಿ ದಿ ಕ್ರೂ ಅನ್ನುವ ಕಾರ್ ಓಟದ ಗೇಮ್‌ನ ಸರ್ವರ್ ನಿಲ್ಲಿಸಿತು. ಸರ್ವರ್ ಇಲ್ಲದೆ ಅದು ಓಡುತ್ತಿರಲಿಲ್ಲ, ಹಾಗಾಗಿ ದುಡ್ಡು ಕೊಟ್ಟವರಿಗೂ ಗೇಮ್ ಇಲ್ಲವಾಯಿತು. ಅದೇ ವರ್ಷ ಸ್ಟೀಮ್ ತನ್ನ ಕಾರ್ಟ್‌ನಲ್ಲಿ, ನೀವು ಕೊಳ್ಳುತ್ತಿರುವುದು ಲೈಸೆನ್ಸ್ (ಆಡುವ ಅನುಮತಿ) ಮಾತ್ರ ಅಂತ ಸಾಲು ಹಾಕಿತು. ಇದನ್ನೆಲ್ಲ ನೋಡಿದ ಮೇಲೂ ಜನ ಕೈ ಬಿಗಿ ಹಿಡಿಯುತ್ತಾರೆ ಅಂತ ಆಶ್ಚರ್ಯಪಡುವವರನ್ನು ಕಂಡರೆ ನನಗೆ ಆಶ್ಚರ್ಯ.

ನಮ್ಮಂಥವರು ಉದ್ಯಮವನ್ನು ಸಾಯಿಸುತ್ತಿದ್ದೇವೆ ಅನ್ನುವ ಆರೋಪವೂ ಇದೆ. 2025ರ ಸೆಪ್ಟೆಂಬರ್ 4ರಂದು ಪುಟ್ಟ ತಂಡವೊಂದರ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂತು, 20 ಡಾಲರ್‌ಗೆ. ಕೊಳ್ಳಲು ಬಂದವರ ನೂಕುನುಗ್ಗಲಿಗೆ ಸ್ಟೀಮ್ ಸೇರಿ ಹಲವು ಆನ್‌ಲೈನ್ ಅಂಗಡಿಗಳೇ ಕುಸಿದು ಕೂತವು. ಅಷ್ಟೂ ಜನ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಕೊಳ್ಳುವ ಆ ಶೇ. 4ರವರೇ ಅಂತ ನಾನಂತೂ ನಂಬುವುದಿಲ್ಲ. ಬೇಕಾದದ್ದು ಬಂದಾಗ ನಾವೂ ಕೊಳ್ಳುತ್ತೇವೆ. ಜಿಟಿಎ 6ಕ್ಕೆ ನನ್ನ ಎರಡರಲ್ಲಿ ಒಂದು ಜಾಗ ಈಗಲೇ ಮೀಸಲು. ಆದರೆ ಮೊದಲ ದಿನವೇ ಕೊಳ್ಳುವುದಿಲ್ಲ, ತಪ್ಪು ತಿದ್ದುವ ಎರಡು ಮೂರು ಪ್ಯಾಚ್ ಬರಲಿ, ನೋಡೋಣ.