ಹಾಯಿಕಂಬದ ತುದಿಯ ಹುಡುಗನನ್ನು ನೋಡಿ ನಗಬಹುದೇ? (ಪರ-ವಿರೋಧ)

ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಹಂಫ್ರಿ ಅಂಗಡಿಯು 1820ರಲ್ಲಿ ಎಂಟು ವ್ಯಂಗ್ಯಚಿತ್ರಗಳ ಒಂದು ಮಾಲೆಯನ್ನು ಮಾರಾಟಕ್ಕೆ ತಂದಿತು. ಅನುಕೂಲಸ್ಥರ ಮನೆಯ ಹುಡುಗನೊಬ್ಬ ಬ್ರಿಟಿಷ್ ನೌಕಾಪಡೆಗೆ ಮಿಡ್‌ಶಿಪ್‌ಮನ್ ಆಗಿ, ಎಂದರೆ ಮುಂದೆ ಅಧಿಕಾರಿಯಾಗುವ ಉಮೇದುವಾರನಾಗಿ ಸೇರಿ ಪಟ್ಟ ಪಾಡು ಅದರ ವಸ್ತು. ಹುಡುಗನ ಹೆಸರು ಮಾಸ್ಟರ್ ಬ್ಲಾಕ್‌ಹೆಡ್. ಕನ್ನಡದಲ್ಲಿ ಹೇಳುವುದಾದರೆ ಮಡೆಯಪ್ಪ. ಮೂಲ ಕಲ್ಪನೆ ನೌಕಾಧಿಕಾರಿ ಫ್ರೆಡರಿಕ್ ಮ್ಯಾರಿಯಟ್‌ನದು, ತಾಮ್ರದ ತಗಡಿನ ಮೇಲೆ ಅದನ್ನು ಮೂಡಿಸಿದವನು ಜಾರ್ಜ್ ಕ್ರೂಕ್‌ಶ್ಯಾಂಕ್. ಈ ಚಿತ್ರಗಳು ಎಳೆಯ ನಾವಿಕರಿಗೆ ನ್ಯಾಯ ಮಾಡಿದವೇ ಎಂಬುದು ಇಲ್ಲಿನ ಪ್ರಶ್ನೆ. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಓದುಗರು ಬೇಗನೆ ಗುರುತಿಸುತ್ತಾರೆ. ಆದರೂ ಎದುರು ಪಕ್ಷದ ಮಾತನ್ನೇ ಮೊದಲು ಹೇಳುತ್ತೇನೆ.

ಪರ

ಈ ನಗೆ ದಡದ ಮೇಲೆ ಬೆಚ್ಚಗೆ ಕುಳಿತವರದಲ್ಲ. ಮ್ಯಾರಿಯಟ್ 1806ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಲಾರ್ಡ್ ಕಾಕ್ರೇನ್ ನಾಯಕನಾಗಿದ್ದ ‘ಇಂಪೀರಿಯಸ್’ ಹಡಗನ್ನು ಹತ್ತಿದವನು. ನಡುರಾತ್ರಿಯಿಂದ ಬೆಳಗಿನ ನಾಲ್ಕರವರೆಗಿನ ಪಹರೆಯ ಚಳಿ ಎಂಥದ್ದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಚಿತ್ರದಲ್ಲಿ ಹುಡುಗ ಹಾಯಿಕಂಬದ ತುದಿಯಲ್ಲಿ ಕುಳಿತಿದ್ದಾನೆ. ಸಣ್ಣ ತಪ್ಪಿಗೂ ಮಿಡ್‌ಶಿಪ್‌ಮನ್‌ಗಳನ್ನು ಕಂಬ ಹತ್ತಿಸಿ ಗಂಟೆಗಟ್ಟಲೆ ಅಲ್ಲಿಯೇ ಕೂರಿಸುವುದು ಅಂದಿನ ವಾಡಿಕೆಯ ಶಿಕ್ಷೆ. ಅವನು ತಂಗಾಳಿ ಸವಿಯುತ್ತಿರುವುದು ಇದು 304ನೆಯ ಸಲ ಎನ್ನುತ್ತದೆ ಚಿತ್ರದಡಿಯ ಸಾಲು. ಈ ಲೆಕ್ಕದಲ್ಲಿ ನಗೆಯೂ ಇದೆ, ದೂರೂ ಇದೆ. ಗಾಳಿಯ ದಿಕ್ಕನ್ನೂ ಹಡಗಿನ ವೇಗವನ್ನೂ ತಪ್ಪದೆ ಬರೆದಿಡುತ್ತಿದ್ದ ದಿನಚರಿ ಪುಸ್ತಕಗಳಲ್ಲಿ ಆ ಹುಡುಗನ ಮರಗಟ್ಟಿದ ಬೆರಳುಗಳಿಗೆ ಜಾಗವಿರಲಿಲ್ಲ. ವ್ಯಂಗ್ಯಚಿತ್ರ ಅವಕ್ಕೆ ಜಾಗ ಕೊಟ್ಟಿತು.

ಹನ್ನೆರಡು ಹದಿಮೂರರ ಮಕ್ಕಳನ್ನು ಕ್ಯಾಪ್ಟನ್ನರ ಪರಿಚಯ ಹಿಡಿದು ಹಡಗಿಗೆ ಕಳುಹಿಸುತ್ತಿದ್ದ ತಂದೆತಾಯಿಗಳಿಗೆ ಸಮುದ್ರವೆಂದರೆ ಟ್ರಫಾಲ್ಗರ್ ಎಂಬ ಕಡಲ ಕದನದ ಜಯಭೇರಿ, ದೂರದ ಬೆಟ್ಟ. ಮಗ ಇಕ್ಕಟ್ಟಾದ, ಕತ್ತಲು ಕವಿದ ಕೆಳಕೋಣೆಗೆ ಕಾಲಿಟ್ಟು ಕಕ್ಕಾಬಿಕ್ಕಿಯಾಗಿ ನಿಂತ ಚಿತ್ರ ಅವರ ಕಣ್ಣಿಗೆ ಬೀಳುವುದು ಅಗತ್ಯವಾಗಿತ್ತು, ಮತ್ತು ಉಪದೇಶದ ಪುಸ್ತಕವಾಗಿದ್ದರೆ ಅದನ್ನು ಅವರು ತೆರೆಯುತ್ತಲೇ ಇರಲಿಲ್ಲ. ನಗಿಸಿದ ಮ್ಯಾರಿಯಟ್ ನಗೆಯಲ್ಲೇ ನಿಲ್ಲಲೂ ಇಲ್ಲ: 1822ರಲ್ಲಿ, ನಾವಿಕರನ್ನು ಬಲವಂತವಾಗಿ ಹಿಡಿದು ತರುವ ಪದ್ಧತಿಯನ್ನು ಕೈಬಿಡಬೇಕೆಂದು ವಾದಿಸಿ ಕಿರುಹೊತ್ತಗೆಯನ್ನೇ ಬರೆದ.

ವಿರೋಧ

ಆ ಕಿರುಹೊತ್ತಗೆಯೇ ಈ ಚಿತ್ರಮಾಲೆಯ ಕೊರತೆಯನ್ನು ಎತ್ತಿ ತೋರಿಸುತ್ತದೆ. ಬಂದರಿನ ಬೀದಿಗಳಿಂದಲೂ ಊರಿಗೆ ಮರಳುತ್ತಿದ್ದ ವ್ಯಾಪಾರಿ ಹಡಗುಗಳಿಂದಲೂ ಎಳೆದು ತಂದ ಯುವಕರು, ಒಬ್ಬೊಬ್ಬರಿಗೆ ಹದಿನಾಲ್ಕು ಅಂಗುಲದ ಲೆಕ್ಕದಲ್ಲಿ ತೂಗುಮಂಚ ಕಟ್ಟಿ ಮಲಗುತ್ತಿದ್ದವರು, ಒಂಬತ್ತು ಬಾಲದ ಚಾಟಿಗೆ ಬೆನ್ನು ಕೊಡುತ್ತಿದ್ದವರು, ಮಾಸ್ಟರ್ ಬ್ಲಾಕ್‌ಹೆಡ್‌ನ ಕಥೆಗೆ ನಾಯಕರಲ್ಲ. ನಾವು ಮರುಗಬೇಕಾದವನು, ಎಷ್ಟೇ ನೆನೆದು ನಡುಗಿದರೂ, ನಾಳೆ ಅವರಿಗೆ ಆಜ್ಞೆ ಮಾಡಲಿರುವ ಹುಡುಗ.

ಇನ್ನು ಅವನ ಹೆಸರು. ಕಷ್ಟಪಡುವವನಿಗೆ ದಡ್ಡನೆಂಬ ಹೆಸರಿಟ್ಟೊಡನೆ ಶಿಕ್ಷೆಯ ಅರ್ಧ ಹೊಣೆ ಅವನ ತಲೆಗೇ ಬೀಳುತ್ತದೆ. 304 ಸಲ ಕಂಬ ಹತ್ತಿದನೆಂದರೆ 304 ಸಲ ತಪ್ಪು ಮಾಡಿರಬೇಕು ಎಂದು ನೋಡುವವನು ನಿಶ್ಚಿಂತನಾಗುತ್ತಾನೆ, ಹತ್ತಿಸಿದವನ ಹೆಸರು ಕೇಳುವುದಿಲ್ಲ. ಕಥೆಯ ಮುಕ್ತಾಯವೂ ಇದೇ ಜಾಡಿನದು. ಕೊನೆಗೆ ಹುಡುಗ ಲೆಫ್ಟಿನೆಂಟ್ ಆಗಿ ಹೊಸ ಸಮವಸ್ತ್ರ ತೊಡುತ್ತಾನೆ, ಪಟ್ಟ ಪಾಡೆಲ್ಲ ಸಾರ್ಥಕವಾಯಿತೆಂಬಂತೆ. ಆದರೆ 1815ರಲ್ಲಿ ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ, ಲಕ್ಷಕ್ಕೂ ಹೆಚ್ಚು ಜನರಿದ್ದ ನೌಕಾಪಡೆ ಎರಡು ಮೂರು ವರ್ಷಗಳಲ್ಲಿ ಸುಮಾರು ಇಪ್ಪತ್ತು ಸಾವಿರಕ್ಕೆ ಇಳಿದಿತ್ತು. ಲೆಫ್ಟಿನೆಂಟರೇ ಅರ್ಧ ಸಂಬಳದಲ್ಲಿ ಮನೆಯಲ್ಲಿ ಕುಳಿತಿದ್ದರು, ಪರೀಕ್ಷೆ ಮುಗಿಸಿದ ಅದೆಷ್ಟೋ ಮಿಡ್‌ಶಿಪ್‌ಮನ್‌ಗಳಿಗೆ ಆ ಸಮವಸ್ತ್ರ ದಕ್ಕಲೇ ಇಲ್ಲ. ಆ ಚಿತ್ರ ಬರೆದಿದ್ದರೆ ಕೊಳ್ಳುವವರು ಎಷ್ಟು ಜನ ಸಿಗುತ್ತಿದ್ದರೋ!

ಬಣ್ಣ ಹಚ್ಚಿದ ಇಂಥ ಒಂದು ಚಿತ್ರದ ಬೆಲೆ ಆಗ ಒಂದೆರಡು ಶಿಲಿಂಗ್. ನುರಿತ ನಾವಿಕನ ತಿಂಗಳ ಸಂಬಳ ಮೂವತ್ತಮೂರೂವರೆ ಶಿಲಿಂಗ್. ಅಂಗಡಿಯ ಗಾಜಿನ ಕಿಟಕಿಗೆ ಮೂಗು ಒತ್ತಿ ಬಿಟ್ಟಿಯಾಗಿ ನೋಡುವವರು ಇದ್ದರೆಂಬುದು ನಿಜ, ಆದರೆ ಚಿತ್ರಮಾಲೆ ಬಿಚ್ಚಿಕೊಳ್ಳುತ್ತಿದ್ದುದು ಊಟ ಮುಗಿದ ಮೇಲಿನ ಪಡಸಾಲೆಗಳಲ್ಲಿ. ನಾವಿಕರ ಬಾಳು ಅಷ್ಟಿಷ್ಟು ಬದಲಾದದ್ದು ಬೇರೆ ದಾರಿಯಿಂದ. 1650ರ ದಶಕದಿಂದ ಏರದ ಸಂಬಳ, ಹದಿನಾರು ಔನ್ಸಿನ ಬದಲು ಹದಿನಾಲ್ಕೇ ಔನ್ಸು ತೂಗುತ್ತಿದ್ದ ಪಡಿತರದ ‘ಪೌಂಡು’, ಇವುಗಳ ವಿರುದ್ಧ 1797ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಸ್ಪಿಟ್‌ಹೆಡ್ ಎಂಬ ಲಂಗರುದಾಣದಲ್ಲಿದ್ದ ನೌಕಾಪಡೆಯ ನಾವಿಕರು ಲಂಗರೆತ್ತಲು ನಿರಾಕರಿಸಿದರು. ಯಾರನ್ನೂ ನಗಿಸದ ಆ ಬೇಡಿಕೆಪಟ್ಟಿಗೆ ಪಾರ್ಲಿಮೆಂಟ್ ಕೆಲವೇ ವಾರಗಳಲ್ಲಿ ಹಣ ಮಂಜೂರು ಮಾಡಿತು. ಚಾಟಿಯೇಟು ಮಾತ್ರ ಉಳಿಯಿತು. ಶಾಂತಿಕಾಲದಲ್ಲಿ ಅದಕ್ಕೆ ತಡೆ ಬಿದ್ದದ್ದು 1871ರಲ್ಲಿ, ಯುದ್ಧಕಾಲದಲ್ಲಿ 1879ರಲ್ಲಿ.