ಬೆಳಕು ತೂರಲ್ಲ, ಪ್ರತಿಫಲಿಸುತ್ತೆ
ಚೀನಾದ ಹಾನ್ ರಾಜವಂಶದ ಕಾಲದ ಕಂಚಿನ ಕನ್ನಡಿ ಒಳಗಿಂದ ಬೆಳಕು ತೂರಿ ಹೋಗಿ ಹಿಂದಿನ ಚಿತ್ತಾರ ಗೋಡೆ ಮೇಲೆ ಮೂಡುತ್ತೆ ಅಂತ ಬರ್ದಿದೀರಲ್ಲ, ಅದನ್ನ ಒಪ್ಪೋಕಾಗಲ್ಲ. ಗಟ್ಟಿ ಲೋಹದಲ್ಲಿ ಬೆಳಕು ಹೆಂಗ್ ತೂರುತ್ತೆ? ಹಿಂದ್ಗಡೆ ಉಬ್ಬು ಚಿತ್ತಾರ ಇರೋ ಕಡೆ ಲೋಹ ದಪ್ಪ, ಮಿಕ್ಕ ಕಡೆ ತೆಳು, ಮುಂದಿನ ಮುಖ ಉಜ್ಜಿ ಪಾಲಿಶ್ ಮಾಡ್ತಾ ಹೋದಂಗೆ ತೆಳು ಜಾಗ ಕಣ್ಣಿಗೆ ಕಾಣದಷ್ಟು ಉಬ್ಬಿಕೊಳ್ಳುತ್ತೆ, ಅಲ್ಲಿ ಬಿದ್ದ ಬಿಸಿಲು ಚದುರಿ ಮಂಕಾಗುತ್ತೆ, ದಪ್ಪ ಜಾಗದ್ದು ಮಾತ್ರ ಗೋಡೆ ಮೇಲೆ ಬೆಳ್ಳಗೆ ಬೀಳುತ್ತೆ. ಶಾಂಘೈ ಮ್ಯೂಸಿಯಂನಲ್ಲಿರೋ ಪಶ್ಚಿಮ ಹಾನ್ (ಹಾನ್ ಆಳ್ವಿಕೆಯ ಮೊದಲ ಭಾಗ) ಕಾಲದ ಕನ್ನಡಿ ಹಿಂದೆ 'ಸೂರ್ಯನ ಬೆಳಕು ಕಂಡ್ರೆ ಲೋಕವೆಲ್ಲ ಬೆಳಗುತ್ತೆ' ಅನ್ನೋ ಅರ್ಥದ ಬರಹಾನೇ ಇದೆ. ಇನ್ನೊಂದು, ತವರದ ಬಗ್ಗೆ ನೀವು ಒಂದು ಮಾತೂ ಹೇಳಿಲ್ಲ, ಸುಮಾರು ಕಾಲು ಭಾಗ ತವರ ಹಾಕ್ತಿದ್ದಕ್ಕೇ ಅಷ್ಟು ಬಿಳಿ ಹೊಳಪು, ಬಿದ್ರೆ ಗಾಜಿನ ಥರ ಒಡಿಯೋದೂ ಅದಕ್ಕೇ.