ಡೇರೆಯ ಹೊರಗೆ ನಿಂತ ಮನುಷ್ಯ

ಕಳೆದ ಭಾನುವಾರ ನಮ್ಮ ಮನೆಯ ಊಟದ ಮೇಜಿನ ಬಳಿ ಕೇಳಿದ ಒಂದು ಮಾತು ಮೂರು ದಿನಗಳಿಂದ ನನ್ನ ತಲೆಯಲ್ಲೇ ಕುಳಿತಿದೆ. ಮಕ್ಕಳು ಕೆಳಗಿನ ಕೋಣೆಯಲ್ಲಿ ಆಡುತ್ತಿದ್ದರು, ನಾನು ಬಿಸಿಬೇಳೆಬಾತು ಬಡಿಸುತ್ತಿದ್ದೆ, ಮುಂದಿನ ತಿಂಗಳ ಸ್ಕೌಟ್ ಶಿಬಿರಕ್ಕೆ ಯಾರ ಮಕ್ಕಳು ಯಾರ ಕಾರಿನಲ್ಲಿ ಹೋಗಬೇಕೆಂಬ ಲೆಕ್ಕಾಚಾರ ನಡೆದಿತ್ತು. ಆಗ ನಾನು ಸ್ವಂತ ತಂಗಿಯಂತೆಯೇ ಕಾಣುವ ಗೆಳತಿಯೊಬ್ಬಳು ದನಿ ತಗ್ಗಿಸಿ, "ಅಕ್ಕಾ, ಈ ಸಲ ನಾವು ಮಗನ್ನ ಕಳಿಸ್ತಾ ಇಲ್ಲ. ಆ ಅಸಿಸ್ಟೆಂಟ್ ಸ್ಕೌಟ್ ಮಾಸ್ಟರ್ ಮೊನ್ನೆ ಬ್ಯಾಡ್ಜ್ ಕೊಡೋ ದಿವಸ ಗಂಡನ್ನ ಕರ್ಕೊಂಡು ಬಂದಿದ್ರಲ್ಲ, ನೋಡಿದ್ರಲ್ವಾ? ಅಂಥವರ ಜೊತೆ ಎರಡು ರಾತ್ರಿ ಕಾಡಲ್ಲಿ ಮಕ್ಕಳನ್ನ ಹೇಗೆ ಬಿಡೋದು?" ಎಂದಳು. ಆ ಸಹಾಯಕ ಸ್ಕೌಟ್ ಮಾಸ್ಟರ್ ಗಂಡಸು, ಗಂಡಸನ್ನೇ ಮದುವೆಯಾದವರು. ಅಲ್ಲಿದ್ದ ಏಳೆಂಟು ಜನರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಒಬ್ಬರು ತಲೆಯಾಡಿಸಿದರು. ಇನ್ನೊಬ್ಬರು ಹಪ್ಪಳದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಮನೆಯೊಡತಿಯಾದ ನಾನು ಆ ಹೊತ್ತಿನಲ್ಲಿ ಹೇಳಬೇಕಾದಷ್ಟನ್ನು ಹೇಳಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಚಿಕ್ಕ ಹುಡುಗಿಯರ ದಳದಲ್ಲಿ ಬುಲ್‌ಬುಲ್ ಆಗಿ, ಆಮೇಲೆ ಗೈಡ್ ಆಗಿ, ರಾಜ್ಯ ಪುರಸ್ಕಾರದವರೆಗೂ ಹೋದ ಹುಡುಗಿ ನಾನು. ಎಡಗೈಯಲ್ಲಿ ಕೈಕುಲುಕುವುದನ್ನು, ಮಳೆ ಬಂದರೂ ಒಲೆ ಆರದಂತೆ ಕಾಯುವುದನ್ನು, ಹಗ್ಗದ ಗಂಟುಗಳನ್ನು ನಾನು ಕಲಿತದ್ದು ಅಲ್ಲಿಯೇ. ನ್ಯೂಜೆರ್ಸಿಗೆ ಬಂದ ಮೇಲೆ ಮಗನನ್ನು ಇಲ್ಲಿನ ಸ್ಕೌಟ್ ದಳಕ್ಕೆ ಸೇರಿಸಿದ್ದು ಆ ಋಣದಿಂದಲೇ. ಆದ್ದರಿಂದ ಈ ವಿಷಯ ನನಗೆ ದೂರದ್ದಲ್ಲ. ನನ್ನ ಹನ್ನೆರಡು ವರ್ಷದ ಮಗ ಮಲಗುವ ಡೇರೆಗೆ ಸಂಬಂಧಿಸಿದ್ದು.

ಮೊದಲು ನಮ್ಮದೇ ರಾಜ್ಯದಲ್ಲಿ ನಡೆದ ಕಥೆಯನ್ನು ಹೇಳುತ್ತೇನೆ, ಏಕೆಂದರೆ ಇಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿರುವ ನಮ್ಮವರಲ್ಲಿಯೂ ಅನೇಕರು ಇದನ್ನು ಕೇಳಿಲ್ಲ. ನಮ್ಮ ಪಕ್ಕದ ಮನ್ಮತ್ ಕೌಂಟಿಯ ಜೇಮ್ಸ್ ಡೇಲ್ ಎಂಬ ಹುಡುಗ ಎಂಟನೆಯ ವಯಸ್ಸಿನಲ್ಲಿ, ಚಿಕ್ಕ ಮಕ್ಕಳ ವಿಭಾಗದಲ್ಲಿ, ಕಬ್ ಸ್ಕೌಟ್ ಆಗಿ ಸೇರಿ, 1988ರಲ್ಲಿ ಈಗಲ್ ಸ್ಕೌಟ್ ಎಂಬ ಅತ್ಯುನ್ನತ ದರ್ಜೆಯನ್ನು ಪಡೆದ. ಮರುವರ್ಷ ವಯಸ್ಕ ಸದಸ್ಯನಾಗಿ ಸಹಾಯಕ ಸ್ಕೌಟ್ ಮಾಸ್ಟರ್ ಆದ. 1990ರಲ್ಲಿ, ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಗೇ ಮತ್ತು ಲೆಸ್ಬಿಯನ್ ಹದಿಹರೆಯದವರ ಅಗತ್ಯಗಳನ್ನು ಕುರಿತ ವಿಚಾರಗೋಷ್ಠಿಯೊಂದರಲ್ಲಿ ಭಾಗವಹಿಸಿದ, ಪತ್ರಿಕೆಯೊಂದರಲ್ಲಿ ಅವನ ಸಂದರ್ಶನವೂ ಫೋಟೋವೂ ಪ್ರಕಟವಾದವು. ಅದೇ ತಿಂಗಳು, ಅವನು ಗೇ ಎಂಬ ಕಾರಣಕ್ಕೆ, ಅವನ ಸದಸ್ಯತ್ವವನ್ನು ರದ್ದುಪಡಿಸಿದ ಪತ್ರ ಮನೆಗೆ ಬಂತು. ಅವನ ಮೇಲೆ ಒಂದೇ ಒಂದು ದೂರಿರಲಿಲ್ಲ. ಅವನು ಒಳ್ಳೆಯ ಸ್ಕೌಟ್ ಆಗಿದ್ದನೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 1999ರಲ್ಲಿ ಒಮ್ಮತದಿಂದ ಅವನ ಪರವಾಗಿ ತೀರ್ಪು ಕೊಟ್ಟರೂ, 2000ದ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಅದನ್ನು ತಳ್ಳಿಹಾಕಿ, ತನ್ನ ನಿಲುವಿಗೆ ಒಗ್ಗದವರನ್ನು ಹೊರಗಿಡುವ ಹಕ್ಕು ಸ್ಕೌಟ್ ಸಂಸ್ಥೆಗೆ ಇದೆ ಎಂದಿತು. ಸ್ಕೌಟ್ ಪ್ರತಿಜ್ಞೆಯಲ್ಲಿ ನೈತಿಕವಾಗಿ ನೇರವಾಗಿರುತ್ತೇನೆ ಎಂಬ ಮಾತಿದೆ, ನಿಯಮದಲ್ಲಿ ಶುದ್ಧನಾಗಿರಬೇಕು ಎಂದಿದೆ, ಡೇಲ್ ಅಂಥವರು ಇವೆರಡಕ್ಕೂ ಹೊಂದುವುದಿಲ್ಲ ಎಂಬುದು ಸಂಸ್ಥೆಯ ವಾದವಾಗಿತ್ತು.

ನೇರ, ಶುದ್ಧ ಎಂಬ ಎರಡು ಪದಗಳನ್ನು ನೆನಪಿನಲ್ಲಿಡಿ. ಡೇಲ್‌ನ ಹೆಸರನ್ನು ಹೊಡೆದುಹಾಕಿದ ಅದೇ ಸಂಸ್ಥೆಯ ಬೀರುಗಳಲ್ಲಿ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ ಹೊತ್ತ ಸ್ವಯಂಸೇವಕರ ಕಡತಗಳು ದಶಕಗಳಿಂದ ಬೀಗ ಹಾಕಿಕೊಂಡು ಕುಳಿತಿದ್ದವು. 2012ರ ಏಪ್ರಿಲ್‌ನಲ್ಲಿ ಒಹಾಯೋದಲ್ಲಿ ಏಳು ವರ್ಷದ ಮಗನ ಕಬ್ ಗುಂಪನ್ನು ನೋಡಿಕೊಳ್ಳುತ್ತಿದ್ದ ಜೆನಿಫರ್ ಟೈರೆಲ್ ಎಂಬ ತಾಯಿಯನ್ನು, ಆಕೆ ಲೆಸ್ಬಿಯನ್ ಎಂಬ ಒಂದೇ ಕಾರಣಕ್ಕೆ ಮನೆಗೆ ಕಳುಹಿಸಿದರು. ಜುಲೈನಲ್ಲಿ, ಎರಡು ವರ್ಷ ಗುಟ್ಟಾಗಿ ಪರಿಶೀಲಿಸಿದ ನಂತರ, ಗೇ ಮತ್ತು ಲೆಸ್ಬಿಯನ್ ಸದಸ್ಯರ ಮೇಲಿನ ನಿಷೇಧ ಮುಂದುವರಿಯಬೇಕೆಂದು ಸಾರಿದರು. ಅಕ್ಟೋಬರ್‌ನಲ್ಲಿ ಒರೆಗಾನ್ ಸುಪ್ರೀಂ ಕೋರ್ಟಿನ ಆದೇಶದಂತೆ 1965ರಿಂದ 1985ರವರೆಗಿನ 1,200ಕ್ಕೂ ಹೆಚ್ಚು ಕಡತಗಳು ಬಹಿರಂಗವಾದವು. ಪೊಲೀಸರವರೆಗೆ ಹೋಗದೆ ಒಳಗೊಳಗೇ ಮುಚ್ಚಿಹೋದ ಪ್ರಕರಣಗಳು ಅವುಗಳಲ್ಲಿ ಎಷ್ಟೋ ಇದ್ದವು. ಹೆಸರು ಕೆಡದಿರಲೆಂದು ಊರಿನ ಗೌರವಸ್ಥರನ್ನು ಸದ್ದಿಲ್ಲದೆ ಬಿಟ್ಟುಕಳುಹಿಸಿದ ಕಥೆಗಳಿದ್ದವು. ಒಂದೇ ವರ್ಷದೊಳಗೆ ನಡೆದ ಈ ಮೂರು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಬರುವ ಸಿಟ್ಟನ್ನು ಹೇಗೆ ಬರೆಯಬೇಕೋ ತಿಳಿಯದು. ಕಾವಲುಗಾರ ಮುಂಬಾಗಿಲಲ್ಲಿ ನಿಂತು ಒಬ್ಬ ತಾಯಿಯನ್ನು ತಡೆಯುತ್ತಿದ್ದಾಗ ಹಿತ್ತಲ ಬಾಗಿಲು ಹಾರುಹೊಡೆದುಕೊಂಡಿತ್ತು.

ಆಮೇಲಿನದ್ದು ನಮ್ಮ ಕಣ್ಣೆದುರಿಗೇ ನಡೆದದ್ದು. 2013ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಗ್ರೇಪ್‌ವೈನ್‌ನಲ್ಲಿ ಸೇರಿದ ಸಭೆ ಗೇ ಹುಡುಗರಿಗೆ ಬಾಗಿಲು ತೆರೆಯಿತು, ವಯಸ್ಕರಿಗೆ ತೆರೆಯಲಿಲ್ಲ. ಅಂದರೆ ಒಬ್ಬ ಹುಡುಗ ಹದಿನೇಳರ ತನಕ ಆದರ್ಶ ಸ್ಕೌಟ್. ಹದಿನೆಂಟನೆಯ ಹುಟ್ಟುಹಬ್ಬದ ದಿನ ಅವನು ಹೊರಗೆ! ಹಿಂದೆ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಗೇಟ್ಸ್ ಅವರು ಸಂಸ್ಥೆಯ ಅಧ್ಯಕ್ಷರಾಗಿ, ಈ ನಿಷೇಧವನ್ನು ಇನ್ನು ಉಳಿಸಿಕೊಳ್ಳಲಾಗದು ಎಂದು ಬಹಿರಂಗವಾಗಿ ಹೇಳಿದ ಮೇಲೆ, 2015ರ ಜುಲೈ 27ರಂದು ಕಾರ್ಯಕಾರಿ ಮಂಡಳಿಯು 45-12 ಮತಗಳಿಂದ ಅದನ್ನು ತೆಗೆದುಹಾಕಿತು. 2020ರಲ್ಲಿ ಸಂಸ್ಥೆ ದಿವಾಳಿತನ ಘೋಷಿಸಿಕೊಂಡಾಗ ದೌರ್ಜನ್ಯಕ್ಕೆ ಒಳಗಾದೆವೆಂದು ಮುಂದೆ ಬಂದವರ ಸಂಖ್ಯೆ 82,000ವನ್ನು ಮೀರಿತ್ತು. ಇವರಲ್ಲಿ ಬಹುಪಾಲು ಜನರು ಹೇಳಿಕೊಂಡದ್ದು ಹಿಂದಿನ ದಶಕಗಳ ನೋವನ್ನು, ಅಂದರೆ ಗೇ ಎಂದು ಹೇಳಿಕೊಂಡ ಯಾವ ವಯಸ್ಕನಿಗೂ ಪ್ರವೇಶವಿಲ್ಲದಿದ್ದ ಕಾಲದ ನೋವನ್ನು. ನಿಷೇಧವು ಮಕ್ಕಳನ್ನು ಕಾಯುತ್ತಿತ್ತು ಎನ್ನುವವರು ಈ ಸಂಖ್ಯೆಗೆ ಉತ್ತರ ಕೊಡಬೇಕು.

ಆ ದಿನ ಮೇಜಿನ ಬಳಿ ನನ್ನ ಗೆಳತಿಯ ಗಂಡ ಒಂದು ಪ್ರಶ್ನೆ ಕೇಳಿದರು. ಅದನ್ನು ನಾನು ಕಡೆಗಣಿಸುವುದಿಲ್ಲ. "ನಿಮ್ಮ ಮಗಳನ್ನ ಗಂಡಸರ ಜೊತೆ ಶಿಬಿರಕ್ಕೆ ಕಳಿಸ್ತೀರಾ ಅಕ್ಕ? ಇಲ್ಲ ಅಲ್ವಾ? ಹಾಗಾದ್ರೆ ಇದೂ ಅದೇ ಅಲ್ವಾ?" ಎಂದರು. ಕೇಳುವುದಕ್ಕೆ ಸರಿಯೆನಿಸುತ್ತದೆ. ಆದರೆ ಇವತ್ತಿನ ನಿಯಮ ಏನೆಂಬುದನ್ನು ಅವರು ಓದಿಲ್ಲ. ಯಾವ ಶಿಬಿರದಲ್ಲಾದರೂ ಇಪ್ಪತ್ತೊಂದು ದಾಟಿದ, ನೋಂದಾಯಿತರಾದ ಕನಿಷ್ಠ ಇಬ್ಬರು ವಯಸ್ಕರು ಇರಲೇಬೇಕು. ಯಾವ ಹಿರಿಯರೂ ಯಾವ ಮಗುವಿನ ಜೊತೆಗೂ ಒಂಟಿಯಾಗಿ ಇರುವಂತಿಲ್ಲ. ನಮ್ಮ ದಳದ ಶಿಬಿರಗಳಲ್ಲಿ ಹಿರಿಯರ ಡೇರೆಯೇ ಬೇರೆ, ಮಕ್ಕಳ ಡೇರೆಯೇ ಬೇರೆ. ಹಿನ್ನೆಲೆಯ ತಪಾಸಣೆ, ಮಕ್ಕಳ ರಕ್ಷಣೆಯ ತರಬೇತಿ ಇವೆಲ್ಲ ಆದ ಮೇಲೆಯೇ ಸಮವಸ್ತ್ರ. ಈ ನಿಯಮ ಹೆಂಡತಿ ಮಕ್ಕಳಿರುವ ಗಂಡಸಿಗೂ ಒಂದೇ, ಗಂಡನಿರುವ ಗಂಡಸಿಗೂ ಒಂದೇ, ನನಗೂ ಒಂದೇ. ಮನುಷ್ಯ ಯಾರನ್ನು ಪ್ರೀತಿಸುತ್ತಾನೆ ಎಂಬುದನ್ನು ನೋಡಿ ನಂಬುವ ಅಥವಾ ನಂಬದಿರುವ ಹಳೆಯ ಪದ್ಧತಿಯೇ ಮಕ್ಕಳನ್ನು ಕೈಬಿಟ್ಟಿದ್ದು. ಯಾರನ್ನೂ ಬರಿಯ ನಂಬಿಕೆಯ ಮೇಲೆ ಬಿಡದಿರುವ ಈ ಪದ್ಧತಿ ಅವರನ್ನು ಕಾಯುತ್ತದೆ.

ಧರ್ಮದ ಮಾತನ್ನೂ ಒಬ್ಬರು ಎತ್ತಿದರು. ಚರ್ಚುಗಳು ನಡೆಸುವ ದಳಗಳು ತಮ್ಮ ನಂಬಿಕೆಗೆ ತಕ್ಕ ನಾಯಕರನ್ನು ಆರಿಸಿಕೊಳ್ಳಲು 2015ರ ನಿರ್ಣಯದಲ್ಲೇ ಅವಕಾಶವಿತ್ತು. ಬೇರೆ ಸಂಘಟನೆ ಕಟ್ಟಿಕೊಂಡವರೂ ಇದ್ದಾರೆ. ಅದು ಅವರವರ ದಾರಿ. ನಮ್ಮ ದಳ ಚರ್ಚಿನದ್ದಲ್ಲ, ಅಲ್ಲಿ ಕುಳಿತಿದ್ದ ನಾವು ಯಾರೂ ಆ ಚರ್ಚುಗಳವರಲ್ಲ. ನಮ್ಮ ಅಂಜಿಕೆಗೆ ಬೇರೆಯವರ ಧರ್ಮವನ್ನು ನೆಪ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಈ ಅಂಜಿಕೆಯಲ್ಲಿ ನಮ್ಮ ಭಾಷೆಯ ಪಾಲೂ ಇದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಕನ್ನಡ ಪತ್ರಿಕೆಗಳಲ್ಲಿ ನಾವು ಓದಿಕೊಂಡು ಬಂದ ಪದ ಸಲಿಂಗಕಾಮಿ. ಆ ಪದದ ನಡುವೆ ಕಾಮ ಕುಳಿತಿದೆ. ನನ್ನನ್ನೂ ನನ್ನ ಯಜಮಾನರನ್ನೂ ಯಾರೂ ಭಿನ್ನಲಿಂಗಕಾಮಿ ದಂಪತಿ ಎಂದು ಪರಿಚಯಿಸುವುದಿಲ್ಲ. ನಮ್ಮನ್ನು ಗಂಡ ಹೆಂಡತಿ ಎನ್ನುತ್ತಾರೆ, ಆಗ ಕೇಳುವವರ ಮನಸ್ಸಿಗೆ ಮನೆ, ಅಡುಗೆ, ಮಕ್ಕಳ ಶಾಲೆ ಬರುತ್ತವೆ. ಆ ಮನುಷ್ಯನ ಹೆಸರಿನ ಮುಂದೆ ಮಾತ್ರ ಮಲಗುವ ಕೋಣೆಯೊಂದೇ ಬಂದು ನಿಲ್ಲುತ್ತದೆ. ಹದಿನೈದು ವರ್ಷ ಒಟ್ಟಿಗೆ ಬಾಳಿದ ಅವರಿಬ್ಬರು ಅವತ್ತು ಬ್ಯಾಡ್ಜ್ ಸಮಾರಂಭದಲ್ಲಿ ಮಾಡಿದ್ದು ಮಡಚುವ ಕುರ್ಚಿಗಳನ್ನು ಜೋಡಿಸಿದ್ದು, ಕೊನೆಯಲ್ಲಿ ಕಸ ಗುಡಿಸಿದ್ದು.

ಇನ್ನು ಇಷ್ಟು ವರ್ಷ ಹೇಳದ ಒಂದು ಮಾತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಶಿಬಿರಕ್ಕೆ ಹೋಗಿದ್ದೆವು. ಎಲ್ಲಿ, ಯಾವ ಶಾಲೆ ಎಂಬುದನ್ನು ಬರೆಯುವುದಿಲ್ಲ. ಜೊತೆಗೆ ಬಂದಿದ್ದ ಮೇಷ್ಟರೊಬ್ಬರ ಬಗ್ಗೆ ಹುಡುಗಿಯರೆಲ್ಲರಿಗೂ ಗೊತ್ತಿತ್ತು. ಅವರಿದ್ದ ಕಡೆಗೆ ಒಬ್ಬರೇ ಹೋಗಬೇಡಿ ಎಂದು ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ನನ್ನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಆ ಶಿಬಿರದಿಂದ ಬಂದ ಮೇಲೆ ಮತ್ತೆಂದೂ ಗೈಡ್ ಸಮವಸ್ತ್ರ ತೊಡಲಿಲ್ಲ. ಅವಳನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮೇಷ್ಟರಿಗೆ ಹೆಂಡತಿ, ಇಬ್ಬರು ಮಕ್ಕಳು, ಊರಲ್ಲಿ ಒಳ್ಳೆಯ ಹೆಸರು ಇದ್ದವು. ಅಪ್ಪ ಅಮ್ಮಂದಿರು ನಿಶ್ಚಿಂತೆಯಿಂದ ನಮ್ಮನ್ನು ಕಳುಹಿಸಿದ್ದು ಆ ಹೆಸರನ್ನು ನಂಬಿ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 53.22ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದನ್ನು ಹೇಳಿಕೊಂಡಿದ್ದರು, ಮತ್ತು ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು ಅಥವಾ ಅದರ ಹೊಣೆ ಹೊತ್ತಿದ್ದವರು. ಆ ಸಂಖ್ಯೆಯನ್ನು ಓದಿದ ದಿನ ನನಗೆ ನೆನಪಾದದ್ದು ಸಾಲಿನ ಆ ಖಾಲಿ ಜಾಗ.

ಇಷ್ಟೆಲ್ಲ ಅನುಭವವಿದ್ದೂ ನಾನು ಮಾಡಿದ್ದೇನು ಎಂಬುದನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಹೋದ ವರ್ಷ ಅಕ್ಟೋಬರ್ ಶಿಬಿರದಲ್ಲಿ ನನ್ನ ಮಗನಿಗೆ ರಾತ್ರಿ ಜ್ವರ ಬಂತು. ಎರಡು ಗಂಟೆಗೆ ಫೋನ್ ಮಾಡಿದವರು ಇದೇ ಸಹಾಯಕ ಸ್ಕೌಟ್ ಮಾಸ್ಟರ್. ಫೋನ್ ಸ್ಪೀಕರಿನಲ್ಲಿದೆ, ಪಕ್ಕದಲ್ಲಿ ಇನ್ನೊಬ್ಬ ಲೀಡರ್ ಇದ್ದಾರೆ ಎಂದು ಮೊದಲೇ ತಿಳಿಸಿ, ಔಷಧ ಎಷ್ಟು ಕೊಡಲಿ ಎಂದು ಕೇಳಿದರು. ನಾವು ತಲುಪುವಷ್ಟರಲ್ಲಿ ಬೆಳಗಿನ ನಾಲ್ಕೂವರೆ. ಡೇರೆಯ ಬಾಗಿಲನ್ನು ಪೂರ್ತಿ ಮೇಲೆತ್ತಿ ಕಟ್ಟಿ, ಆ ಚಳಿಯಲ್ಲಿ ಇಬ್ಬರೂ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಮ್ಮ ಕಾರಿನ ದೀಪ ಕಂಡೊಡನೆ ಅವರು ಎದ್ದು ನಿಂತರು. ಆ ದಿನ ನಾನು ಅವರಿಗೆ ಕೈಮುಗಿದಿದ್ದೆ. ಆದರೆ ಮೊನ್ನೆ ಸಮಾರಂಭದಲ್ಲಿ ಅವರ ಗಂಡನನ್ನು ನೋಡಿ ಮನೆಗೆ ಬರುವಾಗ, ಕಾರಿನಲ್ಲಿ, ಆ ರಾತ್ರಿಯನ್ನು ಮನಸ್ಸಿನಲ್ಲಿ ಮತ್ತೆ ತೆರೆದು, ಏನಾದರೂ ನನ್ನ ಕಣ್ಣಿಗೆ ಬೀಳದೆ ಹೋಯಿತೇ ಎಂದು ತಡಕಾಡಿದೆ. ಅರ್ಧ ನಿಮಿಷವಿರಬಹುದು. ಜ್ವರದ ಮಗುವನ್ನು ಕಾದ ಮನುಷ್ಯನ ಮೇಲೆ ಅರ್ಧ ನಿಮಿಷ ಅನುಮಾನಪಟ್ಟವಳು ನಾನು. ಗೆಳತಿಯ ಮಾತು ನನ್ನನ್ನು ಇಷ್ಟು ಕಾಡಿದ್ದು ಅದಕ್ಕೇ. ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಒಳಗೇ ಹೇಳಿಕೊಂಡಿದ್ದೆ.

ಇದೆಲ್ಲ ನಮ್ಮ ಸಂಸ್ಕೃತಿಯಲ್ಲ ಎಂದು ಆ ದಿನ ಕೊನೆಗೆ ಒಬ್ಬರು ತೀರ್ಪು ಕೊಟ್ಟರು. ಸ್ಕೌಟಿಂಗ್ ಭಾರತಕ್ಕೆ ಬಂದದ್ದು ನಮ್ಮ ಬೆಂಗಳೂರಿನ ಮೂಲಕವೇ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬ ಬ್ರಿಟಿಷ್ ಅಧಿಕಾರಿ ಕಟ್ಟಿದ ದಳದಿಂದ. ಆ ಕಾಲದ ದಳಗಳಲ್ಲಿ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಜಾಗವಿತ್ತು, ನಮ್ಮ ಅಜ್ಜಂದಿರಿಗೆ ಇರಲಿಲ್ಲ. ಆನಿ ಬೆಸೆಂಟ್ ಅವರು ಮದರಾಸಿನಲ್ಲಿ ಭಾರತೀಯ ಹುಡುಗರಿಗಾಗಿಯೇ ಬೇರೆ ಸಂಘ ಕಟ್ಟಬೇಕಾಯಿತು. ಇವರನ್ನು ಸೇರಿಸಿಕೊಂಡರೆ ಶಿಸ್ತು ಕೆಡುತ್ತದೆ ಎಂಬ ಮಾತನ್ನು ಬೇಲಿಯ ಆಚೆ ನಿಂತು ಕೇಳಿಸಿಕೊಂಡವರ ಮೊಮ್ಮಕ್ಕಳು, ಇವತ್ತು ನ್ಯೂಜೆರ್ಸಿಯಲ್ಲಿ ಕುಳಿತು ಅದೇ ಮಾತನ್ನು ಇನ್ನೊಬ್ಬರ ಬಗ್ಗೆ ಆಡುತ್ತಿದ್ದೇವೆ.

ನಿನ್ನೆ ರಾತ್ರಿ ಗೆಳತಿಗೆ ಫೋನ್ ಮಾಡಿ ಇದರಲ್ಲಿ ಅರ್ಧವನ್ನಾದರೂ ಹೇಳಿದೆ. ಮೇಷ್ಟರ ವಿಷಯ ಬಂದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಶಾಲೇಲೂ ಒಬ್ರು ಇದ್ರು ಅಕ್ಕ" ಎಂದಳು. ಶಿಬಿರದ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ನಾನು ಈ ಸಲ ಎರಡು ರಾತ್ರಿಗೂ ಹಿರಿಯಳಾಗಿ ಹೆಸರು ಕೊಟ್ಟಿದ್ದೇನೆ, ತರಬೇತಿಯ ಪ್ರಮಾಣಪತ್ರ ಇವತ್ತು ಬೆಳಿಗ್ಗೆ ಬಂತು. ಶಿಬಿರದ ಶುಕ್ರವಾರ ಸಂಜೆ ಐದು ಗಂಟೆಗೆ ಹೊರಡುವ ನಮ್ಮ ಕಾರಿನಲ್ಲಿ ಒಂದು ಸೀಟು ಖಾಲಿ ಇಟ್ಟಿದ್ದೇನೆ. ಅವಳ ಮಗನಿಗೆ ಕಿಟಕಿಯ ಪಕ್ಕವೇ ಬೇಕು ಎಂಬುದು ನನಗೆ ಗೊತ್ತು.